ಹಳೆಯ ತೊಲೆಯಿಂದ ನಾಗಂದಿಗೆ

(ವಾಚನಾಲಯದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಇಂದಿನ ಮಾತಿನ ವಿಷಯವನ್ನು ಹೊರಗಿನ ಕಪ್ಪು ಹಲಗೆಯ ಮೇಲೆ ಓದಿದ ಕೆಲವರಿಗೆ ನಗು ಬಂದಿರಬಹುದು. ಅಗ್ಗಿಷ್ಟಿಕೆಯ ಮೇಲಿನ ಮರದ ಹಲಗೆಯನ್ನು ಹಳೆಯ ಮರದಿಂದ ಮಾಡುವ ಬಗೆ! ಭಿವಂಡಿಯಲ್ಲಿ ಅಗ್ಗಿಷ್ಟಿಕೆ ಯಾರ ಮನೆಯಲ್ಲಿದೆ? ಪಂಖದ ಕೆಳಗೆ ಕುಳಿತರೂ ಅಂಗಿ ಬೆನ್ನಿಗೆ ಅಂಟುವ ಊರು ಇದು. ಸರಿಯಾದ ಮಾತೇ. ಆದರೆ ವಿಷಯ ಬೆಂಕಿಯದಲ್ಲ, ಮರದ್ದು. ಅದಕ್ಕೂ ಮೊದಲು ಆ ಹಲಗೆ ಎಂದರೇನು ಎಂಬುದನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇವೆ.

ಚಳಿನಾಡುಗಳಲ್ಲಿ ಕೋಣೆಯ ಗೋಡೆಯಲ್ಲಿಯೇ ಒಲೆಯ ಗೂಡು ಇರುತ್ತದೆ. ಆ ಗೂಡಿನ ಬಾಯಿಯ ಮೇಲೆ ಹೊಗೆಗೊಳವೆಯ ಭಾರವನ್ನು ಹೊರಲು ಹಿಂದಿನ ಕಾಲದಲ್ಲಿ ಒಂದು ದಪ್ಪ ತೊಲೆಯನ್ನು ಅಡ್ಡಲಾಗಿ ಇಡುತ್ತಿದ್ದರು. ಕಾಲಕ್ರಮದಲ್ಲಿ ಭಾರ ಹೊರುವ ಕೆಲಸ ಕಲ್ಲಿಗೂ ಕಬ್ಬಿಣಕ್ಕೂ ಹೋಯಿತು. ತೊಲೆ ಮಾತ್ರ ಉಳಿದು, ಗಡಿಯಾರ, ದೀಪ, ಹಿರಿಯರ ಚಿತ್ರ ಇಡುವ ಜಾಗವಾಯಿತು. ಅದನ್ನೇ ಇಂಗ್ಲಿಷಿನವರು ಮ್ಯಾಂಟಲ್ ಎನ್ನುವುದು. ನಮ್ಮ ಕಡೆಯೂ ಮಡಿಕೇರಿ, ಚಿಕ್ಕಮಗಳೂರಿನ ಹಳೆಯ ಕಾಫಿ ತೋಟದ ಬಂಗಲೆಗಳಲ್ಲಿ ಇದನ್ನು ಕಾಣಬಹುದು.

ಗೋಡೆಯಿಂದ ಮುಂದೆ ಚಾಚಿದ, ಎದೆಯೆತ್ತರದ, ದಪ್ಪನಾದ ಒಂದು ಮರ. ಅದರ ಮೇಲೆ ಮನೆಯವರು ಬೆಲೆ ಕೊಡುವ ನಾಲ್ಕು ವಸ್ತು. ಹೀಗೆ ಹೇಳಿದರೆ ಅದು ಪರದೇಶದ್ದೇನೂ ಆಗಿ ಉಳಿಯುವುದಿಲ್ಲ. ನಮ್ಮ ಅಜ್ಜಿಯರ ಅಡುಗೆಮನೆಯ ನಾಗಂದಿಗೆಯೇ ಅದು. ಉಪ್ಪಿನ ಭರಣಿ, ದೀಪದ ಎಣ್ಣೆಯ ಕುಡಿಕೆ, ಪಂಚಾಂಗ, ಎಲ್ಲವೂ ಅದರ ಮೇಲೆಯೇ. ಒಲೆಯ ಹೊಗೆ ಹತ್ತಿ, ಇಲ್ಲಣ ಕಟ್ಟಿ, ಆ ಮರ ಕಪ್ಪಾಗಿ ಮಿನುಗುತ್ತಿತ್ತು. ಹೊಗೆ ತಿಂದ ಮರಕ್ಕೆ ಹುಳು ಸುಲಭವಾಗಿ ಬರುವುದಿಲ್ಲ ಎಂಬುದು ಆ ಕಾಲದವರಿಗೆ ಯಾರೂ ಪಾಠ ಹೇಳದೆ ತಿಳಿದಿತ್ತು.

ಈಗ ಭಿವಂಡಿಗೆ ಬರೋಣ. ನಮ್ಮ ವಾಚನಾಲಯದಲ್ಲಿ ಪತ್ರಿಕೆಗಳ ಕಟ್ಟುಗಳು ನೆಲದ ಮೇಲಿವೆ. ಮಳೆಗಾಲದಲ್ಲಿ ಕೆಳಗಿನ ಕಟ್ಟುಗಳ ಅಂಚು ಬೂದು ಹಿಡಿಯುತ್ತದೆ, ತಾವೆಲ್ಲ ನೋಡಿದ್ದೀರಿ. ಉಕ್ಕಿನ ಕಪಾಟಿಗೆ ಹಣ ಕೂಡಿಸಬೇಕೆಂಬ ಮಾತು ಪ್ರತಿ ಸಭೆಯಲ್ಲೂ ಬರುತ್ತದೆ, ಪ್ರತಿ ಸಭೆಯಲ್ಲೂ ಮುಂದಕ್ಕೆ ಹೋಗುತ್ತದೆ. ಇತ್ತ ಇದೇ ಊರಿನ ಹಳೆಯ ಓಣಿಗಳಲ್ಲಿ ಒಂದೊಂದೇ ಮನೆ ಕೆಡವಲ್ಪಡುತ್ತಿದೆ. ಮಂಗಳೂರು ಹೆಂಚು ಇಳಿಯುತ್ತದೆ, ಅದರ ಹಿಂದೆ ರೀಪು, ಜಂತೆ, ಕೊನೆಗೆ ತೊಲೆ. ಮರಾಠಿಯವರು ತುಳಈ ಎನ್ನುತ್ತಾರೆ. ನಮ್ಮ ತೊಲೆಗೆ ಅದು ಅಕ್ಕನೋ ತಂಗಿಯೋ ಆಗಬೇಕು. ಒಳ್ಳೆಯ ತೊಲೆಗಳನ್ನು ವಖಾರಿಯವರು ಘನ ಅಡಿಯ ಲೆಕ್ಕದಲ್ಲಿ ಒಯ್ಯುತ್ತಾರೆ. ತುದಿ ಕೊಳೆತದ್ದು, ಮೊಳೆ ತುಂಬಿದ್ದು, ಕುಳಿ ಕೊರೆದದ್ದು, ಆರಡಿಗಿಂತ ಗಿಡ್ಡವಾದದ್ದು, ಇವುಗಳೆಲ್ಲ ಕಿಲೋ ಲೆಕ್ಕಕ್ಕೆ ಇಳಿಯುತ್ತವೆ. ಕಿಲೋ ಲೆಕ್ಕ ಎಂದರೆ ಸೌದೆ. ಇಲ್ಲಿ ಸೈಜಿಂಗ್ ಕಾರಖಾನೆಗಳ ಬಾಯ್ಲರಿಗೆ ಸೌದೆ ಬೇಕು; ಹೋಟೆಲಿನ ಒಲೆಗೆ, ಬೇಕರಿಯ ಭಟ್ಟಿಗೆ ಬೇಕು. ನೂರು ವರುಷ ಒಂದು ಸಂಸಾರದ ಮಾಳಿಗೆಯನ್ನು ಹೊತ್ತ ಸಾಗುವಾನಿ ಗಳಿಗೆ ಹೊತ್ತಿನಲ್ಲಿ ಉಗಿಯಾಗಿ ಹೋಗುತ್ತದೆ.

ನಮ್ಮ ಕಣ್ಣು ಇರುವುದು ಆ ಗಿಡ್ಡ ತುಂಡುಗಳ ಮೇಲೆ. ಮನೆ ಕಟ್ಟುವವನಿಗೆ ಆರಡಿಯ ತೊಲೆ ನಿರುಪಯೋಗಿ, ಆದರೆ ನಾಗಂದಿಗೆಗೆ ಅದೇ ಹೇಳಿ ಮಾಡಿಸಿದ ಅಳತೆ.

ಹಳೆಯ ಮರದಲ್ಲಿ ಅಂಥದ್ದೇನಿದೆ ಎಂದು ಕೇಳುವವರುಂಟು. ಈ ಸೀಮೆಯ ಮರದ ಕಥೆ ಸಣ್ಣದಲ್ಲ. ಶಹಾಪುರ, ವಾಡಾ, ಜವ್ಹಾರದ ಕಾಡುಗಳು ಸಾಗುವಾನಿಯ ಕಾಡುಗಳು. ೧೬೫೭ರಲ್ಲಿ ಕಲ್ಯಾಣ ಭಿವಂಡಿಗಳು ಶಿವಾಜಿ ಮಹಾರಾಜರ ಕೈಗೆ ಬಂದಾಗ ಮರಾಠರ ನೌಕಾಪಡೆಗೆ ಇಲ್ಲಿಯ ಖಾಡಿಯ ದಂಡೆಯಲ್ಲಿಯೇ ಮೊದಲಾಯಿತು. ಮುಂದೆ ಸೂರತದ ಲವಜಿ ನಸರವಾನಜಿ ವಾಡಿಯಾ ೧೭೩೬ರಲ್ಲಿ ಮುಂಬಯಿಗೆ ಬಂದು ಹಡಗುಕಟ್ಟೆಯ ಕೆಲಸ ಹಿಡಿದ ಮೇಲೆ ಅವರ ವಂಶದವರು ಸಾಗುವಾನಿಯಿಂದ ಕಟ್ಟಿದ ಹಡಗುಗಳು ಇಂಗ್ಲೆಂಡಿನ ಓಕ್ ಮರದ ಹಡಗುಗಳಿಗಿಂತ ಬಾಳಿಕೆಗೆ ಮೇಲೆಂದು ಹೆಸರಾದುವು. ೧೮೧೭ರಲ್ಲಿ ಮುಂಬಯಿಯಲ್ಲಿ ನೀರಿಗಿಳಿದ ಟ್ರಿಂಕೋಮಲಿ ಎಂಬ ಯುದ್ಧನೌಕೆ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್ ಬಂದರಿನಲ್ಲಿ ಇಂದಿಗೂ ತೇಲುತ್ತಿದೆ. ಇನ್ನೂರು ವರುಷ ಉಪ್ಪುನೀರಿನಲ್ಲಿ ನಿಂತ ಮರದ ಜಾತಿ ಇದು. ಅದರ ಸೋದರನನ್ನು ನಾವು ಬಾಯ್ಲರಿಗೆ ಹಾಕುತ್ತಿದ್ದೇವೆ.

ಇನ್ನೊಂದು ಗುಣವಿದೆ. ಹೊಸ ಮರ ಒಣಗುವಾಗ ತಿರುಚುತ್ತದೆ, ಬಾಗುತ್ತದೆ, ಸೀಳುತ್ತದೆ. ಹಳೆಯ ತೊಲೆ ಆ ಚೇಷ್ಟೆಗಳನ್ನೆಲ್ಲ ಮುಗಿಸಿ ಎಷ್ಟೋ ಕಾಲವಾಗಿರುತ್ತದೆ. ಎಷ್ಟು ಬಾಗಬೇಕೋ ಅಷ್ಟು ಬಾಗಿ ನಿಂತಿರುತ್ತದೆ. ಅಲ್ಲದೆ ಹಿಂದಿನವರು ಕಡಿದದ್ದು ದೊಡ್ಡ ಮರ, ಬಳಸಿದ್ದು ಒಳಗಿನ ಕೆಚ್ಚು. ಇಂದಿನ ನೆಡುತೋಪಿನ ಎಳೆಯ ಮರದಲ್ಲಿ ಹುಳು ಮೆಚ್ಚುವ ಬಿಳಿಯ ಹೊರಪದರವೇ ಬಹಳ.

ನಮ್ಮ ಕರಾವಳಿಯವರಿಗೆ ಈ ಮಾತನ್ನು ಮಾಡಿ ತೋರಿಸಿದವರು ಮಣಿಪಾಲದ ವಿಜಯನಾಥ ಶೆಣೈ ಅವರು. ಕೆಡವುತ್ತಿದ್ದ ಮನೆಗಳ ಕಂಬ, ಬಾಗಿಲು, ಮುಚ್ಚಿಗೆಗಳನ್ನು ಕೊಂಡು ತಂದು ಮೊದಲು ತಮ್ಮ ಮನೆಯನ್ನೇ ಅವುಗಳಿಂದ ಕಟ್ಟಿ ಅದಕ್ಕೆ ಹಸ್ತಶಿಲ್ಪ ಎಂದು ಹೆಸರಿಟ್ಟರು. ಅಷ್ಟಕ್ಕೆ ನಿಲ್ಲದೆ ಇಡಿಯ ಮನೆಗಳನ್ನೇ ಬಿಚ್ಚಿ ತಂದು ಮಣಿಪಾಲದಲ್ಲಿ ಒಂದು ಪರಂಪರೆಯ ಗ್ರಾಮವನ್ನೇ ನಿಲ್ಲಿಸಿದರು. ಕುಂಜೂರಿನ ಚೌಕಿ ಮನೆ ಅಲ್ಲಿದೆ, ಕುಕನೂರಿನ ಕಮಲ ಮಹಲೂ ಅಲ್ಲಿದೆ. ಶೆಣೈಯವರು ೨೦೧೭ರಲ್ಲಿ ತೀರಿಕೊಂಡರು, ಮನೆಗಳು ನಿಂತಿವೆ. ಅಂಥ ಮಹತ್ಕಾರ್ಯ ನಮ್ಮಂಥವರ ಕೈಯಲ್ಲಿ ಆಗುವುದಲ್ಲ. ಒಂದು ತೊಲೆ ಆಗುತ್ತದೆ.

ಇಲ್ಲಿ ಸ್ವಲ್ಪ ನಿಂತು ಒಂದು ಮಾತು ಹೇಳಬೇಕು, ಯಾಕೆಂದರೆ ಈ ಸಭೆಯಲ್ಲಿ ಕುಳಿತ ಹಲವರಿಗೆ ಅದು ನೇರವಾಗಿ ತಾಗುವಂಥದು. ಉಡುಪಿ, ಕುಂದಾಪುರದ ಕಡೆಯಿಂದ ಹೋಟೆಲಿನ ಕೆಲಸಕ್ಕೆ ಬಂದವರು ನಮ್ಮಲ್ಲಿದ್ದಾರೆ. ಕಲಬುರಗಿ, ವಿಜಯಪುರದ ಕಡೆಯಿಂದ ಬಂದವರೂ ಇದ್ದಾರೆ. ಊರಲ್ಲಿ ಹಿರಿಯರ ಮನೆ ಪಾಲಾಗುತ್ತದೆ. ನಾಲ್ವರು ಅಣ್ಣತಮ್ಮಂದಿರು, ಇಬ್ಬರು ಅಕ್ಕತಂಗಿಯರು. ಇಲ್ಲಿಂದ ಹೋಗಿ ನೋಡಿಕೊಳ್ಳುವವರು ಯಾರೂ ಇಲ್ಲ. ಮನೆಯನ್ನು ಮರದ ವ್ಯಾಪಾರಿಗೆ ಒಟ್ಟು ಮೊತ್ತಕ್ಕೆ ಮಾತಾಡಿ ದೂರವಾಣಿಯಲ್ಲಿಯೇ ಒಪ್ಪಿಗೆ ಹೇಳಿಬಿಡುತ್ತೇವೆ. ಬಂದ ಹಣ ಆರು ಪಾಲಾದರೆ ಒಬ್ಬೊಬ್ಬನಿಗೆ ಎರಡು ತಿಂಗಳ ಬಾಡಿಗೆಯಷ್ಟೂ ಉಳಿಯುವುದಿಲ್ಲ. ಮಾತಾಡುವಾಗಲೇ 'ಪಡಸಾಲೆಯ ಒಂದು ತೊಲೆ ನಮಗಿರಲಿ' ಎಂದು ಹೇಳಿದರೆ ವ್ಯಾಪಾರಿ ಬೇಡವೆನ್ನುವುದಿಲ್ಲ. ಅವನ ಲಾರಿ ಹೊರಟ ಮೇಲೆ ಹೇಳಿ ಫಲವಿಲ್ಲ. ಒಡಹುಟ್ಟಿದವರು ಆರು ಮಂದಿಯಾದರೆ ಒಂದೇ ತೊಲೆಯನ್ನು ಆರು ತುಂಡು ಮಾಡಿದರೂ ಸರಿಯೇ. ಎರಡಡಿಯ ಹಲಗೆಯ ಮೇಲೂ ತಾಯಿತಂದೆಯರ ಚಿತ್ರ ನಿಲ್ಲುತ್ತದೆ.

ಆದರೆ ಊರಿಂದ ಮರ ತರುವವರು ಕಾಗದಪತ್ರ ಮಾಡಿಸಿಕೊಳ್ಳಬೇಕು. ಮರದ ಸಾಗಾಟಕ್ಕೆ ಕಟ್ಟಳೆ ಹಾಕುವ ಅಧಿಕಾರವನ್ನು ೧೯೨೭ರ ಭಾರತೀಯ ಅರಣ್ಯ ಕಾಯಿದೆಯೇ ರಾಜ್ಯಗಳಿಗೆ ಕೊಟ್ಟಿದೆ. ಕರ್ನಾಟಕಕ್ಕೆ ೧೯೬೩ರ ತನ್ನದೇ ಕಾಯಿದೆಯೂ ಇದೆ. ಹಳೆಯ ಮನೆಯ ಮರವೆಂದು ನಾವು ಬಾಯಲ್ಲಿ ಹೇಳಿದರೆ ಗಡಿಯ ತನಿಖಾ ಠಾಣೆಯವನು ಏಕೆ ನಂಬಬೇಕು? ಹೊರಡುವ ಮೊದಲು ಊರಿನ ಅರಣ್ಯ ಕಚೇರಿಯಲ್ಲಿ ರಹದಾರಿ ಬೇಕೇ ಎಂದು ವಿಚಾರಿಸಿ, ಪಂಚಾಯಿತಿಯಿಂದ ಮನೆ ಕೆಡವಿದ ಬಗ್ಗೆ ಒಂದು ಪತ್ರ ಪಡೆದಿರಿ.

ಇನ್ನು ಮರವನ್ನು ಆರಿಸುವ ಕ್ರಮ.

ಮೊದಲನೆಯದಾಗಿ, ನಿಂತ ಮನೆಯಿಂದ ಮರ ಬಿಚ್ಚಬಾರದು. ಇದನ್ನು ಹೇಳಬೇಕಾದ ಊರು ಇದು. ೨೦೨೦ರ ಸೆಪ್ಟೆಂಬರ ೨೧ರ ನಸುಕಿನಲ್ಲಿ ಪಟೇಲ್ ಕಂಪೌಂಡಿನ ಜಿಲಾನಿ ಕಟ್ಟಡ ಕುಸಿದು ೩೦ಕ್ಕೂ ಹೆಚ್ಚು ಜನ ನಿದ್ದೆಯಲ್ಲಿಯೇ ಮಡಿದರು. ಅದು ಕಾಂಕ್ರೀಟಿನ ಕಟ್ಟಡ, ತೊಲೆಯ ಮನೆಯಲ್ಲ. ಆದರೂ ಭಾರ ಹೊತ್ತ ವಸ್ತುವಿನ ವಿಷಯದಲ್ಲಿ ಈ ಊರಿನವರು ಸಲಿಗೆ ತೋರಬಾರದೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಎರಡು ಮನೆಗಳಿಗೆ ನಡುಗೋಡೆ ಒಂದೇ ಇರುವ ಹಳೆಯ ಓಣಿಗಳಲ್ಲಿ ಒಬ್ಬನ ತೊಲೆಯ ತುದಿ ಇನ್ನೊಬ್ಬನ ಗೋಡೆಯೊಳಗೆ ಕೂತಿರುತ್ತದೆ. ಕೆಡವುವ ಗುತ್ತಿಗೆದಾರ ಇಳಿಸಿಟ್ಟ ಮರವನ್ನೇ ಕೊಳ್ಳಿರಿ.

ಎರಡನೆಯದಾಗಿ, ರೈಲು ಹಳಿಯ ಕೆಳಗಿನ ಹಳೆಯ ಮರದ ದಿಮ್ಮಿಗಳು. ೧೮೫೪ರಲ್ಲಿ ಕಲ್ಯಾಣಕ್ಕೆ ರೈಲು ಬಂದಂದಿನಿಂದ ಈ ಭಾಗದಲ್ಲಿ ಅವುಗಳಿಗೆ ಬರವಿರಲಿಲ್ಲ. ಕಾಂಕ್ರೀಟು ಬಂದ ಮೇಲೆ ಅವು ಗುಜರಿಗೆ ಬಂದುವು. ನೋಡಲು ಭವ್ಯ, ಬೆಲೆಯೂ ಸಸ್ತಾ. ಆದರೆ ಹುಳು ಹಿಡಿಯದಿರಲೆಂದು ಅವುಗಳಿಗೆ ಕ್ರಿಯೋಸೋಟ್ ಎಂಬ ಡಾಂಬರಿನ ಎಣ್ಣೆಯನ್ನು ಕುಡಿಸಿರುತ್ತಾರೆ. ಅದು ಚರ್ಮಕ್ಕೂ ಉಸಿರಿಗೂ ಕೆಟ್ಟದ್ದು. ಸೆಕೆಯಲ್ಲಿ ಮರದಿಂದ ಮತ್ತೆ ಒಸರುತ್ತದೆ. ಮನೆಯೊಳಗೆ, ಅದರಲ್ಲೂ ಬೆಂಕಿಯ ಹತ್ತಿರ, ಅದು ಬೇಡವೇ ಬೇಡ.

ಮೂರನೆಯದು ನಮ್ಮ ಊರಿನ ವಿಶೇಷ: ಗೋದಾಮುಗಳು. ಮುಂಬಯಿ ನಾಸಿಕ ಹೆದ್ದಾರಿಯ ಇಬ್ಬದಿಗೂ ಮೈಲುಗಟ್ಟಲೆ ಗೋದಾಮು. ಸರಕನ್ನು ಹೊತ್ತು ಬಂದ ಪ್ಯಾಲೆಟ್ ಎಂಬ ಮರದ ಮಣೆಗಳು ಮುರಿದು ಹಿತ್ತಲಲ್ಲಿ ರಾಶಿ ಬಿದ್ದಿರುತ್ತವೆ. ತೊಲೆ ಸಿಗದವರು ಇವುಗಳ ಹಲಗೆಗಳನ್ನು ಜೋಡಿಸಿ ಡಬ್ಬಿಯಂತೆ ಕಟ್ಟಿ ತೊಲೆಯ ಆಕಾರ ಬರಿಸಬಹುದು. ಹಗುರವೂ ಆಗುತ್ತದೆ. ಆದರೆ ಮೊದಲು ಅದರ ಮೈಮೇಲಿನ ಮುದ್ರೆಯನ್ನು ಓದಬೇಕು. ಪರದೇಶಕ್ಕೆ ಹೋಗಿಬರುವ ಮರದ ಮಣೆಗಳಿಗೆ ೨೦೦೨ರಲ್ಲಿ ಒಂದು ಅಂತರರಾಷ್ಟ್ರೀಯ ಕಟ್ಟಳೆ ಬಂದಿತು. ಗೋಧಿಯ ತೆನೆಯ ಚಿತ್ರ, ದೇಶದ ಹೆಸರಿನ ಎರಡು ಅಕ್ಷರ, ಕೊನೆಗೆ ಹುಳು ಕೊಲ್ಲಲು ಮಾಡಿದ ಉಪಚಾರದ ಗುರುತು. ಎಚ್.ಟಿ. ಎಂದಿದ್ದರೆ ಕಾಯಿಸಿದ ಮರ: ಮರದ ನಡುಗರ್ಭವೂ ೫೬ ಡಿಗ್ರಿ ಸೆಲ್ಸಿಯಸ್ ಮುಟ್ಟಿ ೩೦ ನಿಮಿಷ ನಿಂತಿರಬೇಕೆಂಬುದು ಅದರ ನಿಯಮ. ಇದನ್ನು ತೆಗೆದುಕೊಳ್ಳಬಹುದು. ಎಂ.ಬಿ. ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷವಾಯು ಹಾಕಿದ್ದು; ಬಿಟ್ಟುಬಿಡಿ. ಮುದ್ರೆ ಸರಿಯಿದ್ದರೂ ಮೇಲೆ ಎಣ್ಣೆಯ ಕಲೆ, ರಾಸಾಯನಿಕದ ವಾಸನೆ ಇದ್ದರೆ ಅದನ್ನೂ ಬಿಡಿ. ಮುದ್ರೆ ಹೇಳುವುದು ಹುಳುವಿನ ಸಮಾಚಾರ. ಆಮೇಲೆ ಅದರ ಮೇಲೆ ಏನು ಚೆಲ್ಲಿತೆಂಬುದನ್ನಲ್ಲ.

ನಮ್ಮನ್ನು ಕೇಳಿದರೆ ತೊಲೆಯೇ ತೊಲೆ. ಪ್ಯಾಲೆಟ್ಟಿನದು ತೊಲೆಯ ವೇಷ.

ವಖಾರಿಯಲ್ಲಿ ತೊಲೆಯ ಪರೀಕ್ಷೆ ಹೀಗೆ. ಬೆರಳಿನ ಗೆಣ್ಣಿನಿಂದಲ್ಲ, ಸಣ್ಣ ಸುತ್ತಿಗೆಯಿಂದ ಉದ್ದಕ್ಕೂ ತಟ್ಟುತ್ತ ಹೋಗಿ. ಗಟ್ಟಿ ಮರ ಕಣಕಣ ಎನ್ನುತ್ತದೆ, ಪೊಳ್ಳು ಮಂಕಾಗಿ ಡಬ್ ಎನ್ನುತ್ತದೆ. ಗೋಡೆಯೊಳಗಿದ್ದ ತುದಿಗೆ ಚಾಕುವಿನ ಮೊನೆ ಒತ್ತಿ. ಕಾಲು ಅಂಗುಲಕ್ಕಿಂತ ಹೆಚ್ಚು ಇಳಿದರೆ ಅಷ್ಟು ಭಾಗ ಕೊಳೆತಿದೆ. ಸಾಮಾನ್ಯವಾಗಿ ತುದಿಯ ಒಂದಡಿ ಹೋದರೆ ಉಳಿದದ್ದು ಚೆನ್ನಾಗಿಯೇ ಇರುತ್ತದೆ. ಸಣ್ಣ ತೂತುಗಳಿದ್ದರೆ ಗಾಬರಿ ಬೇಡ, ಆದರೆ ತೂತಿನಿಂದ ಹೊಸ ಹಿಟ್ಟಿನಂಥ ಹುಡಿ ಉದುರುತ್ತಿದ್ದರೆ ಒಳಗೆ ಹುಳು ಇನ್ನೂ ಸಂಸಾರ ನಡೆಸುತ್ತಿದೆ ಎಂದು ತಿಳಿಯಿರಿ. ಯಾವ ಜಾತಿಯ ಮರವೆಂಬುದಕ್ಕೆ ಒಂದು ಮೂಲೆಯನ್ನು ಉಳಿಯಿಂದ ಕೊಂಚ ಕೆತ್ತಿ ಮೂಸಿ ನೋಡಿ. ಸಾಗುವಾನಿಗೆ ಹಳೆಯ ತೊಗಲಿನಂಥ ವಾಸನೆ, ಮುಟ್ಟಿದರೆ ಮೇಣದ ಜಿಡ್ಡು. ಮರಾಠಿಯಲ್ಲಿ ಐನ್ ಎನ್ನುವ ನಮ್ಮ ಮತ್ತಿ ಮರವೂ ಇಲ್ಲಿಯ ಮನೆಗಳಲ್ಲಿ ಉಂಟು. ಭಾರ ಜಾಸ್ತಿ, ಕೆಲಸಕ್ಕೆ ಹಟಮಾರಿ, ಆದರೆ ನಾಗಂದಿಗೆಗೆ ಅಡ್ಡಿಯಿಲ್ಲ.

ಬಣ್ಣ ಬಳಿದ ಮರ ಸಿಕ್ಕಿದರೆ ಬಹಳ ಎಚ್ಚರ. ಹಳೆಯ ಬಣ್ಣದಲ್ಲಿ ಸೀಸವಿರುತ್ತದೆ. ಮನೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ ೯೦ ಪಾಲಿಗಿಂತ ಹೆಚ್ಚಿರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು ೨೦೧೭ರ ನವೆಂಬರಿನಲ್ಲಿ. ಅದಕ್ಕೆ ಹಿಂದಿನ ಬಣ್ಣವನ್ನು ಒಣದಾಗಿ ಉಜ್ಜಿದರೆ ಆ ಧೂಳು ಮಕ್ಕಳ ಮೆದುಳಿಗೆ ವಿಷ. ಒಂದು ಮಗುವಿರುವ ಮನೆಯಲ್ಲಿ ಈ ಕೆಲಸ ಮಾಡಲೇಬಾರದು. ಬಣ್ಣವಿಲ್ಲದ ತೊಲೆಗಳು ಬೇಕಾದಷ್ಟಿರುವಾಗ ಈ ತೊಡಕಿಗೆ ಹೋಗುವುದೇಕೆ?

ಮರ ಮನೆಗೆ ಬಂದಿತು. ಇನ್ನು ಅದನ್ನು ಶುಚಿಗೊಳಿಸಬೇಕು. ಸುತಾರರು ಹಳೆಯ ತೊಲೆಯ ಕೆಲಸ ಒಲ್ಲೆ ಎನ್ನುವುದಕ್ಕೆ ಕಾರಣ ಮೊಳೆ. ಒಂದು ಗುಪ್ತ ಮೊಳೆ ಯಂತ್ರದ ಗರಗಸದ ಹಲ್ಲನ್ನು ಹಾರಿಸಿದರೆ ಅವನ ದಿನಗೂಲಿ ಹೋಯಿತು, ಕಣ್ಣಿಗೆ ಬಡಿದರೆ ಕಣ್ಣೇ ಹೋಯಿತು. ಆದುದರಿಂದ ಮೊಳೆ ಕೀಳುವ ಕೆಲಸವನ್ನು ನಾವೇ ಮಾಡಿಕೊಟ್ಟರೆ ಅವನು ಸಂತೋಷದಿಂದ ಕೊಯ್ದುಕೊಡುತ್ತಾನೆ. ಹಳೆಯ ಧ್ವನಿವರ್ಧಕದ ಅಯಸ್ಕಾಂತವೊಂದನ್ನು ದಾರಕ್ಕೆ ಕಟ್ಟಿ ಮರದ ಮೇಲೆ ನಿಧಾನವಾಗಿ ಆಡಿಸಿ. ಎಲ್ಲಿ ಎಳೆಯುತ್ತದೆಯೋ ಅಲ್ಲಿ ಸುಣ್ಣದಿಂದ ಗುರುತು ಹಾಕಿ. ತಲೆ ಮುರಿದ ಮೊಳೆಯ ಸುತ್ತ ಸಣ್ಣ ಉಳಿಯಿಂದ ಬಿಡಿಸಿ ಇಕ್ಕಳದಿಂದ ತಿರುಚಿ ತೆಗೆಯಬೇಕು, ನೆಟ್ಟಗೆ ಎಳೆಯಬಾರದು. ಕಮ್ಮಾರ ಬಡಿದು ಮಾಡಿದ ಚೌಕ ಮೊಳೆಗಳು ಸಿಕ್ಕಿದರೆ ಎಸೆಯಬೇಡಿ. ಅದೇ ನಾಗಂದಿಗೆಗೆ ಕೈಚೀಲ ತೂಗುಹಾಕುವ ಗೂಟ ಆದಾವು.

ಆಮೇಲೆ ಗಟ್ಟಿ ಕುಂಚದಿಂದ ನಾರಿನ ಉದ್ದಕ್ಕೆ ಉಜ್ಜಿ ಮಣ್ಣು, ಮಸಿ ತೆಗೆಯಿರಿ. ಮೂಗಿಗೆ ಬಟ್ಟೆ ಕಟ್ಟಿಕೊಂಡೇ ಈ ಕೆಲಸ. ಒಂದು ಬಕೆಟು ನೀರಿನಿಂದ ತೊಳೆದು ನೆರಳಿನಲ್ಲಿ ಆರಿಸಿ. ಹುಳುವಿನ ಶಂಕೆಯಿದ್ದರೆ ಟಂಕಣಖಾರವನ್ನೂ ಬೋರಿಕ್ ಪುಡಿಯನ್ನೂ ಕೂಡಿಸಿ, ನೂರು ಪಾಲು ಬಿಸಿನೀರಿಗೆ ಹತ್ತು ಪಾಲಿನಂತೆ ಕರಗಿಸಿ, ಎರಡು ಮೂರು ಸಲ ಬಳಿದು ಕುಡಿಸಬೇಕು. ಬಿರುಕುಗಳಲ್ಲಿ ಹೆಚ್ಚಾಗಿ ಬಿಡಿ. ನೀರು ತಾಗಿದರೆ ಈ ಮದ್ದು ತೊಳೆದುಹೋಗುವುದರಿಂದ ಮನೆಯೊಳಗಿನ ಮರಕ್ಕೆ ಮಾತ್ರ ಇದು ಸಲ್ಲುತ್ತದೆ. ಕೆಲಸ ಮುಗಿಯುವವರೆಗೆ ಮಕ್ಕಳ ಕೈಗೆ ಸಿಗದಿರಲಿ. ಇದಕ್ಕೆಲ್ಲ ಕಾಲ ಯಾವುದು? ದೀಪಾವಳಿ ಕಳೆದ ಮೇಲೆ. ಮೃಗಶಿರಾ ಮಳೆ ಹಿಡಿದ ಮೇಲೆ ಭಿವಂಡಿಯ ಗಾಳಿಯಲ್ಲಿ ಟವೆಲೇ ಒಣಗುವುದಿಲ್ಲ, ತೊಲೆ ಒಣಗೀತೇ?

ಇನ್ನು ರೂಪ. ಆರಂಗುಲ ಅಗಲ, ಆರಂಗುಲ ದಪ್ಪ, ಆರಡಿ ಉದ್ದದ ತೊಲೆ ಎಂದರೆ ಒಂದೂವರೆ ಘನ ಅಡಿ. ಸಾಗುವಾನಿಯಾದರೆ ಸುಮಾರು ೨೭ ಕಿಲೋ. ಇದನ್ನು ಉದ್ದಕ್ಕೆ ನಡುವೆ ಸೀಳಿಸಿದರೆ ಮೂರಂಗುಲ ದಪ್ಪದ ಎರಡು ಹಲಗೆ, ಒಂದೊಂದಕ್ಕೆ ಹದಿಮೂರು ಹದಿನಾಲ್ಕು ಕಿಲೋ. ನಮ್ಮ ಗೋಡೆಗಳಿಗೆ ಇದೇ ಹಿತ. ಆರಂಗುಲ ಅಗಲ ಸಾಕೇ ಎಂದರೆ, ಡೆಮಿ ಅಷ್ಟಪತ್ರದ ಕನ್ನಡ ಪುಸ್ತಕದ ಅಗಲ ಐದೂವರೆ ಅಂಗುಲ. ಅಳತೆ ಮಾಡಿ ಇಟ್ಟಂತೆ ಕೂರುತ್ತದೆ.

ಸೀಳಿದ ಹೊಸ ಮುಖ ಮೇಲಕ್ಕಿರಲಿ. ಪುಸ್ತಕ ನಿಲ್ಲಲು ಅದನ್ನಷ್ಟು ಉಜ್ಜುಗೊರಡಿನಿಂದ ಸಮ ಮಾಡಿ. ಗೋಡೆಗೆ ತಾಗುವ ಹಿಂಬದಿಯನ್ನೂ ಸಮ ಮಾಡಿ. ಎದುರಿನ ಮುಖವನ್ನು ಮುಟ್ಟಬೇಡಿ. ಅಲ್ಲಿ ಬಾಚಿಯ ಏಟುಗಳಿರುತ್ತವೆ. ಒಂದೊಂದು ಏಟೂ ಅಂಗೈ ಅಗಲ, ಒಂದರ ಮೇಲೊಂದು, ಮೀನಿನ ಪೊರೆಯಂತೆ. ಯಂತ್ರದ ಗರಗಸ ಕಾಣದ ಮನುಷ್ಯನೊಬ್ಬ ದುಂಡು ಮರದ ಮೇಲೆ ಕಾಲಿಟ್ಟು ನಿಂತು ಚೌಕ ಮಾಡಿದ ಗುರುತು ಅದು. ಅವನ ಹೆಸರು ಯಾವ ಪತ್ರದಲ್ಲೂ ಇಲ್ಲ. ಇದನ್ನು ಉಜ್ಜಿ ನುಣುಪು ಮಾಡಿ ಮೇಲೆ ಹೊಳೆಯುವ ವಾರ್ನಿಷು ಬಳಿಯುವವರನ್ನು ಕಂಡರೆ ನಮಗೆ ಸಂಕಟವಾಗುತ್ತದೆ. ಅಷ್ಟು ನುಣುಪು ಬೇಕಿದ್ದರೆ ಪೇಟೆಯಲ್ಲಿ ಪ್ಲೈವುಡ್ ಇದೆಯಲ್ಲ! ಜಂತೆ ಕೂರಿಸಿದ್ದ ಕುಳಿಗಳನ್ನೂ ಮುಚ್ಚಬೇಡಿ. ಒಂದರಲ್ಲಿ ಕನ್ನಡಕ, ಇನ್ನೊಂದರಲ್ಲಿ ಲೇಖನಿ. ಉದ್ದನೆಯ ಬಿರುಕು ತುದಿಯವರೆಗೆ ಹಾಯ್ದಿದ್ದರೆ ಮಾತ್ರ ಅದಕ್ಕೆ ಅಡ್ಡಲಾಗಿ, ನಡು ಸಣ್ಣಗಿನ ಚಿಟ್ಟೆಯಾಕಾರದ ಬೆಣೆಯೊಂದನ್ನು ಗಟ್ಟಿ ಮರದಿಂದ ಮಾಡಿ ಕೂರಿಸಬೇಕು. ಸಾಗುವಾನಿಯ ಜಿಡ್ಡಿಗೆ ಅಂಟು ಹಿಡಿಯುವುದು ಕಷ್ಟ. ಅಂಟು ಹಾಕುವ ಜಾಗವನ್ನು ಅಸಿಟೋನಿನಿಂದ ಒರೆಸಿ ಕೂಡಲೇ ಹಾಕಬೇಕು.

ಈಗ ಗೋಡೆ. ಕೆಲಸವೆಲ್ಲ ಚೆನ್ನಾಗಿ ಮಾಡಿ ಇಲ್ಲಿ ಎಡವುವವರೇ ಹೆಚ್ಚು. ಪುಸ್ತಕದ ಸಾಲು ಅಡಿಗೆ ಹತ್ತು ಕಿಲೋ ಎಂದು ಹಿಡಿದರೆ ಆರಡಿಗೆ ಅರವತ್ತು, ಹಲಗೆಯದು ಹದಿನಾಲ್ಕು. ದಷ್ಟಪುಷ್ಟನಾದ ಮನುಷ್ಯನೊಬ್ಬ ಹಗಲಿರುಳೂ ಆ ಗೋಡೆಗೆ ಜೋತು ಬಿದ್ದಂತೆ. ಒಂಬತ್ತಂಗುಲದ ಇಟ್ಟಿಗೆ ಗೋಡೆಯಾದರೆ ಹತ್ತು ಅಥವಾ ಹನ್ನೆರಡು ಮಿಲಿಮೀಟರಿನ ಆಂಕರ್ ಬೋಲ್ಟು, ಇಟ್ಟಿಗೆಯ ಹೊಟ್ಟೆಗೆ, ಗಾರೆಯ ಸಂದಿಗಲ್ಲ; ಗಿಲಾವನ್ನು ಬಿಟ್ಟು ಮೂರು ಅಂಗುಲವಾದರೂ ಒಳಗೆ. ನಾಲ್ಕೂವರೆ ಅಂಗುಲದ ಅರ್ಧ ಇಟ್ಟಿಗೆಯ ಗೋಡೆಯಾದರೆ ಬೋಲ್ಟು ಆಚೆಗೆ ಹಾಯಬೇಕು, ಆಚೆ ಬದಿಗೆ ಒಂದು ಕಬ್ಬಿಣದ ತಟ್ಟೆ ಬೇಕು. ಆಚೆ ಬದಿ ನೆರೆಯವರದಾದರೆ ಆ ಮಾತೇ ಬೇಡ. ಆಗ ಅದೇ ತೊಲೆಯ ಉಳಿದ ತುಂಡಿನಿಂದ ಎರಡು ಕಾಲುಗಳನ್ನು ಮಾಡಿ ಭಾರವನ್ನು ನೆಲಕ್ಕೆ ಇಳಿಸಿ; ಗೋಡೆಗೆ ಒರಗದಂತೆ ಹಿಡಿಯುವ ಕೆಲಸ ಮಾತ್ರ ಇರಲಿ. ನಮ್ಮ ವಾಚನಾಲಯದ ಗೋಡೆಗೆ ಈ ಕ್ರಮವೇ ಸರಿಯೆಂದು ನಮ್ಮ ಅಭಿಪ್ರಾಯ. ಗಿಲಾವು ತಟ್ಟಿದಲ್ಲೆಲ್ಲ ಪೊಳ್ಳು ಕೇಳುತ್ತದೆ.

ಈಗಿನವರು ಕಬ್ಬಿಣದ ಸರಳುಗಳನ್ನು ಗೋಡೆಯಲ್ಲಿ ಹುಗಿದು, ಹಲಗೆಯ ಬೆನ್ನಿಗೆ ತೂತು ಕೊರೆದು ಸಿಕ್ಕಿಸಿ, ಹಲಗೆ ಗಾಳಿಯಲ್ಲಿ ನಿಂತಂತೆ ತೋರಿಸುತ್ತಾರೆ. ಚಂದವೇನೋ ಹೌದು. ಆದರೆ ಹಲಗೆ ಯಾವುದರ ಮೇಲೆ ನಿಂತಿದೆಯೆಂದು ಕಾಣದಿದ್ದರೆ ಅದು ಸಡಿಲವಾದದ್ದೂ ಕಾಣುವುದಿಲ್ಲ. ನಮ್ಮ ದೇವಾಲಯಗಳ ಮದನಕೈಗಳು ಭಾರ ಹೊರುವುದನ್ನು ಮುಚ್ಚಿಟ್ಟಿಲ್ಲವಷ್ಟೆ? ಎರಡು ಮರದ ಇಲ್ಲವೇ ಉಕ್ಕಿನ ಕೈಗಳನ್ನು ಎರಡೂ ತುದಿಗಳಿಂದ ಒಂದೊಂದಡಿ ಒಳಗೆ ಇಟ್ಟರೆ ಮೂರಂಗುಲದ ಹಲಗೆ ನಡುವೆ ಜಗ್ಗುವುದಿಲ್ಲ.

ಪರದೇಶದಲ್ಲಿ ಮಕ್ಕಳಿರುವವರು, ತೋಟದ ಬಂಗಲೆಯ ನಂಟಿರುವವರು ಇದನ್ನು ನಿಜವಾದ ಅಗ್ಗಿಷ್ಟಿಕೆಯ ಮೇಲೆಯೇ ಹಾಕಬಹುದು. ಅವರಿಗೊಂದು ಅಳತೆ. ಅಮೆರಿಕದ ಕಟ್ಟಡ ನಿಯಮದ ಪ್ರಕಾರ ಬೆಂಕಿಗೂಡಿನ ಬಾಯಿಯಿಂದ ಆರಂಗುಲದೊಳಗೆ ಮರವೇ ಇರಕೂಡದು. ಆರರಿಂದ ಹನ್ನೆರಡು ಅಂಗುಲದ ನಡುವೆ ಇರುವ ಮರ, ಬಾಯಿಂದ ಎಷ್ಟು ಅಂಗುಲ ದೂರವೋ ಅಷ್ಟು ಎಂಟನೆಯ ಒಂದಂಗುಲ ಮಾತ್ರ ಮುಂದೆ ಚಾಚಬಹುದು. ಅಂದರೆ ಹನ್ನೆರಡಂಗುಲದಲ್ಲಿ ಒಂದೂವರೆ ಅಂಗುಲ. ಆರಂಗುಲ ಚಾಚುವ ನಮ್ಮ ಹಲಗೆ ಒಂದಡಿಗಿಂತ ಮೇಲೆಯೇ ಇರಬೇಕೆಂದಾಯಿತು. ಊರಿನ ಅಡುಗೆಮನೆಯ ಒಲೆಗೂ ಇದೇ ಜಾಗ್ರತೆ ಒಳ್ಳೆಯದು.

ಕೊನೆಯದಾಗಿ ಎಣ್ಣೆ. ಕುದಿಸಿದ ಅಗಸೆ ಎಣ್ಣೆಯನ್ನು ಬಟ್ಟೆಯಿಂದ ತೆಳ್ಳಗೆ ಸವರಿ, ಕಾಲು ಗಂಟೆ ಬಿಟ್ಟು ಉಳಿದದ್ದನ್ನು ಒರೆಸಿ ತೆಗೆಯಿರಿ, ಮರುದಿನ ಮತ್ತೊಮ್ಮೆ. ವಾರ ಕಳೆದು ಜೇನುಮೇಣ ತಿಕ್ಕಿದರೆ ಮರ ತನ್ನ ಬಣ್ಣವನ್ನು ತಾನೇ ತೋರಿಸುತ್ತದೆ. ಆದರೆ ಆ ಎಣ್ಣೆಬಟ್ಟೆಯ ವಿಷಯದಲ್ಲಿ ಮೈಯೆಲ್ಲ ಕಣ್ಣಾಗಿರಬೇಕು. ಅಗಸೆ ಎಣ್ಣೆ ಗಾಳಿಯನ್ನು ಹೀರಿ ಒಣಗುವಾಗ ಬಿಸಿಯಾಗುತ್ತದೆ. ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಒಗೆದರೆ ಆ ಬಿಸಿ ಹೊರಹೋಗಲಾರದೆ ಗಂಟೆಗಳ ಮೇಲೆ ತನ್ನಷ್ಟಕ್ಕೆ ಹೊತ್ತಿಕೊಳ್ಳಬಹುದು, ಕಡ್ಡಿ ಗೀರಬೇಕಾಗಿಲ್ಲ. ಪಕ್ಕದ ಕೋಣೆಯಲ್ಲಿ ನೂಲಿನ ಚಿಂದಿ, ಆಚೆ ಬಟ್ಟೆಯ ಗೋದಾಮು ಇರುವ ಊರಿನಲ್ಲಿ ಇದನ್ನು ಎರಡು ಸಲ ಹೇಳಿದರೂ ತಪ್ಪಿಲ್ಲ. ಬಟ್ಟೆಯನ್ನು ಹೊರಗೆ ತಂತಿಯ ಮೇಲೆ ಬಿಡಿಸಿ ಒಣಹಾಕಿ, ಇಲ್ಲವೇ ನೀರಿನ ಡಬ್ಬದಲ್ಲಿ ಮುಳುಗಿಸಿಡಿ.

ನಮ್ಮಲ್ಲಿ ಅನೇಕರ ಮನೆ ಮೇಲೆ, ಮಗ್ಗ ಕೆಳಗೆ. ಲಾಳಿಯಿಲ್ಲದ ಹೊಸ ಮಗ್ಗಗಳು ಬರುತ್ತಿದ್ದರೂ ಹಳೆಯ ವಿದ್ಯುತ್ ಮಗ್ಗಗಳ ಖಟಖಟ ಇನ್ನೂ ನಿಂತಿಲ್ಲ. ನಿಮಿಷಕ್ಕೆ ನೂರಕ್ಕೂ ಮಿಕ್ಕಿ ಬಾರಿ ಬಡಿಯುವ ಆ ಅದುರು ಗೋಡೆ ಹತ್ತಿ ಬಂದು ಯಾವ ತಿರುಪನ್ನ��ದರೂ ನಿಧಾನವಾಗಿ ಸಡಿಲಿಸುತ್ತದೆ. ಬೋಲ್ಟಿಗೆ ಸ್ಪ್ರಿಂಗ್ ವಾಷರು ಹಾಕಿಸಿ. ಹಾಕಿದ ಒಂದು ತಿಂಗಳಿಗೆ ಒಮ್ಮೆ, ಮಳೆಗಾಲ ಕಳೆದ ಮೇಲೆ ಇನ್ನೊಮ್ಮೆ ಎಲ್ಲವನ್ನೂ ಬಿಗಿಮಾಡಬೇಕು. ಅದಕ್ಕೆ ಬೇಕಾದ ಸ್ಪ್ಯಾನರನ್ನು ಹುಡುಕುವಂತಾಗಬಾರದು. ಪುಸ್ತಕಗಳ ಹಿಂದೆ, ಅದೇ ಹಲಗೆಯ ಮೇಲೆ ಇಟ್ಟಿರಿ.